ಲಿಫ್ಟಿನೊಳಗಿನ ಎಸ್ ಜಗಳ

ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹೋದ ಸೋಮವಾರ ಒಂದು ನೋಟಿಸು ಅಂಟಿಸಿದ್ದರು. 'ವಿ ಇನ್ಸಿಸ್ಟ್ ದಟ್ ಎವೆರಿ ಓನರ್ ಕ್ಲೀನ್ ಅಪ್ ಆಫ್ಟರ್ ಹಿಸ್ ಡಾಗ್.' ನಾಯಿ ಮಾಡಿದ ಗಲೀಜನ್ನು ಅದರ ಒಡೆಯನೇ ಎತ್ತಬೇಕು ಅಂತ. ಬ್ಲಾಕಿನಲ್ಲಿ ಕನ್ನಡದವರೇ ಜಾಸ್ತಿ. ಆದರೂ ನೋಟಿಸು ಇಂಗ್ಲಿಷಿನಲ್ಲೇ ಇರಬೇಕು, ಇಲ್ಲದಿದ್ದರೆ ನಾಯಿಗಳಿಗೆ ಅರ್ಥವಾಗಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಾಯಿಗೆ ಯಾರಾದರೂ 'ಕೂತ್ಕೋ' ಅಂದದ್ದು ಕೇಳಿದ್ದೀರಾ?

ಮಂಗಳವಾರ ಯಾರೋ ನೀಲಿ ಪೆನ್ನಿನಲ್ಲಿ 'ಕ್ಲೀನ್' ಪಕ್ಕ ಒಂದು ಎಸ್ ಸೇರಿಸಿದರು. ಬುಧವಾರ ಕೆಂಪು ಪೆನ್ನು ಅದನ್ನು ಹೊಡೆದುಹಾಕಿತು. ಸಂಜೆಗೆ ವಾಟ್ಸಾಪ್ ಗ್ರೂಪ್ ಹೊತ್ತಿಕೊಂಡಿತು.

"ಇದು ಸಬ್‌ಜಂಕ್ಟಿವ್ ಅನ್ನೋ ಕ್ರಿಯಾಪದದ ರೂಪ ಸ್ವಾಮಿ. ಒತ್ತಾಯ, ಸಲಹೆ, ಹಾರೈಕೆಗೆಲ್ಲ ಎಸ್ ಹತ್ತಲ್ಲ. 'ಲಾಂಗ್ ಲಿವ್ಸ್ ದ ಕಿಂಗ್' ಅಂತಾರೇನ್ರೀ?" ಇದು ಮೂರನೇ ಮಹಡಿಯ ರಿಟೈರ್ಡ್ ಮೇಷ್ಟ್ರು.

"ಫೋನು ಕೆಂಪು ಗೆರೆ ತೋರಿಸ್ತಿದೆ ಅಂಕಲ್. ಆಮೇಲೆ ಈ ಸಬ್‌ಜಂಕ್ಟಿವ್ ಸಾಯ್ತಾ ಇದೆ ಅಂತ ಇಂಗ್ಲಿಷ್ ಬಳಕೆಯ ಪಂಡಿತ ಫೌಲರ್ 1926ರಲ್ಲೇ ಬರೆದಾಗಿದೆ." ಇದು ಗ್ರೌಂಡ್ ಫ್ಲೋರಿನ ಸಾಫ್ಟ್‌ವೇರ್ ಹುಡುಗ. ಅವನದ್ದೇ ಲ್ಯಾಬ್ರಡಾರ್.

ಮೇಷ್ಟ್ರ ಒಂದು ಮಾತು ಮಾತ್ರ ನನಗೆ ನಾಟಿತು. ಎಸ್ ಇಲ್ಲದಿದ್ದರೆ 'ಎಲ್ಲರೂ ಎತ್ತಲೇಬೇಕು' ಅನ್ನುವ ಒತ್ತಾಯ. ಎಸ್ ಹಾಕಿದರೆ 'ಎಲ್ಲರೂ ಎತ್ತುತ್ತಲೇ ಇದ್ದಾರೆ, ಬೇಕಾದರೆ ಆಣೆ ಇಡ್ತೀವಿ' ಅಂತಲೂ ಅರ್ಥವಾದೀತಂತೆ.

ನಮ್ಮೂರು ನಡೆಯುತ್ತಿರುವುದೇ ಆ ಎಸ್ ಮೇಲೆ ಅಲ್ವಾ? 2025ರ ಆಗಸ್ಟ್‌ನಿಂದ ಆಟೋಗೆ ಮೊದಲ 2 ಕಿ.ಮೀ.ಗೆ 36 ರೂಪಾಯಿ ಅಂತ ಆದೇಶವಿದೆ. 'ಮೀಟರ್ ಹಾಕಿ ಅಣ್ಣ' ಅಂದು ನೋಡಿ. ಹಳೆಗನ್ನಡ ಕೇಳಿದವನ ಹಾಗೆ ಮುಖ ನೋಡಿ ನೂರೈವತ್ತು ಅಂತಾನೆ. ಈಜಿಪುರದ ಮೇಲ್ಸೇತುವೆ 2017ರಲ್ಲಿ ಶುರುವಾಯಿತು, 2019ಕ್ಕೆ 'ಮುಗಿಯುತ್ತೆ' ಅಂದರು. ಸುಮ್ನೆ 'ಮುಗಿದೀತು' ಅಂದಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಕನ್ನಡದಲ್ಲಿ ಅದಕ್ಕೆ ಸಂಭಾವನಾರ್ಥಕ ಅಂತಾರೆ. 'ಸಂಭಾವನೆ' ಅಂದ ಕೂಡಲೇ ಕೆಲವರ ಕಿವಿ ನಿಮಿರುತ್ತದೆ, ಅದು ಬೇರೆ ವಿಷಯ.

ಭಾನುವಾರ ತುರ್ತು ಮೀಟಿಂಗ್. ಚೌಚೌಬಾತ್, ಕಾಫಿ, ಎರಡು ಗಂಟೆ ಚರ್ಚೆ. "ಕನ್ನಡದಲ್ಲಿ 'ಎತ್ತತಕ್ಕದ್ದು' ಅಂತ ಹಾಕಿಬಿಡಿ, ಎಸ್ ತಂಟೆಯೇ ಇರಲ್ಲ" ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೈ ಎತ್ತಿಸಿ ಎಣಿಸಿದರು. ಎಸ್ ಸೋತಿತು.

ತಿದ್ದೋಣ ಅಂತ ಹೋದರೆ ಲಿಫ್ಟಿನಲ್ಲಿ ನೋಟಿಸೇ ಇಲ್ಲ. ಕಸ ಗುಡಿಸುವ ಲಕ್ಷ್ಮಮ್ಮ ಅದನ್ನು ಎರಡಾಗಿ ಮಡಚಿಕೊಂಡು ಮೆಟ್ಟಿಲ ಹತ್ತಿರ ಬಗ್ಗಿದ್ದರು.

"ಕಾಗದ ಒಳ್ಳೆ ದಪ್ಪಗಿದೆ ಸಾರ್, ಚೆನ್ನಾಗಿ ಎತ್ತುತ್ತೆ" ಅಂದರು.