ಐರಿಷ್ ಮೂಲೆಯ ಸಮಾಚಾರ

ಮಾರ್ಚ್ 17ರ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಕೊರಳಿಗೆ ಹಸಿರು ಸ್ಕಾರ್ಫ್ ಸುತ್ತಿಕೊಂಡು ಬೇಲಿಯ ಹತ್ತಿರ ಬಂದು ನಿಂತರು. "ಎಲ್ಲಿ, ನಿಮ್ಮ ಐರಿಷ್ ತೋಟ ತೋರಿಸಿ" ಎಂದರು.

ತಪ್ಪು ನನ್ನದೇ. ಹೋದ ಆಗಸ್ಟಿನಲ್ಲಿ, ಎಲೆಯ ಅಂದಕ್ಕೆಂದೇ ಬೆಳೆಸುವ ಹೋಸ್ಟಾ ಗಿಡಗಳೆಲ್ಲ ಮೈತುಂಬಿಕೊಂಡು ನಿಂತಿದ್ದಾಗ, ಐರ್ಲೆಂಡಿನ ಹೆಸರಿನವನ್ನೇ ಆರಿಸಿ ಒಂದು ಮೂಲೆಯಲ್ಲಿ ಕೂಡಿಸಿದ್ದೇನೆ, ಮಾರ್ಚ್ 17ಕ್ಕೆ, ಐರಿಷರ ಸಂತ ಪ್ಯಾಟ್ರಿಕ್ ಹಬ್ಬದ ದಿನ ಬಂದು ನೋಡುವಿರಂತೆ ಎಂದು ಅವರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಅವರ ತಾಯಿಯ ಕಡೆಯವರು ಐರ್ಲೆಂಡಿನ ಕೆರಿ ಕೌಂಟಿಯವರು. ಮಾತು ಮರೆಯುವವರಲ್ಲ. ಹೋಸ್ಟಾ ಚಳಿಗಾಲದಲ್ಲಿ ನೆಲದ ಮೇಲೆ ಒಂದು ಎಲೆಯನ್ನೂ ಉಳಿಸದೆ ಮಲಗುವ ಗಿಡ, ಈ ಚಳಿಯಲ್ಲಿ ಮಾರ್ಚ್ ಮಧ್ಯಕ್ಕೆಲ್ಲ ಅದು ಏಳುವುದಿಲ್ಲ ಎಂಬುದು ಜಂಬದ ಭರದಲ್ಲಿ ನನಗೆ ಹೊಳೆದಿರಲೇ ಇಲ್ಲ. ಕರೆದುಕೊಂಡು ಹೋಗಿ ತೋರಿಸಿದೆ. ತೋರಿಸಲು ಇದ್ದದ್ದು ಕೆಸರು, ಕೆಸರಿನಲ್ಲಿ ಸೊಟ್ಟಪಟ್ಟ ನಿಂತ ಐದು ಬಿಳಿ ಪ್ಲಾಸ್ಟಿಕ್ ಪಟ್ಟಿಗಳು. ಅಜ್ಜಿ ಎರಡು ಕೈಗಳನ್ನೂ ಮುಂದೆ ಕಟ್ಟಿಕೊಂಡು ಸ್ವಲ್ಪ ಹೊತ್ತು ಮೌನವಾಗಿ ನಿಂತರು. ಆಮೇಲೆ ತಗ್ಗಿದ ದನಿಯಲ್ಲಿ, "ಯಾರು ಯಾರನ್ನು ಮಣ್ಣು ಮಾಡಿದ್ದೀರಿ ಇಲ್ಲಿ?" ಎಂದು ಕೇಳಿದರು.

ಹೆಸರು ಓದಿ ಹೇಳೋಣವೆಂದು ಬಗ್ಗಿದೆ. ಪಟ್ಟಿಗಳ ಮೇಲೆ ಏನೂ ಇರಲಿಲ್ಲ. 'ಎಂದೂ ಅಳಿಸದ ಶಾಯಿ' ಎಂದು ಮೈಮೇಲೆ ಬರೆಸಿಕೊಂಡಿದ್ದ ಪೆನ್ನಿನಿಂದ ನಾನು ಬರೆದಿದ್ದೆ. ಪೆನ್ನಿನ ಮೇಲಿನ ಆ ಬರಹ ಇನ್ನೂ ಅಳಿಸಿಲ್ಲ, ಪಟ್ಟಿಯ ಮೇಲಿನದು ಒಂದು ಬೇಸಿಗೆಯ ಬಿಸಿಲಿಗೇ ಮುಗಿದುಹೋಗಿದೆ. ಸಾಲದ್ದಕ್ಕೆ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ ಪಟ್ಟಿಗಳನ್ನು ಬುಡಸಮೇತ ಮೇಲಕ್ಕೆ ತಳ್ಳಿತ್ತು. ಎರಡು ಪಟ್ಟಿಗಳನ್ನು ಯಾವುದೋ ಪ್ರಾಣಿ ಎಳೆದಾಡಿದ ಗುರುತಿತ್ತು. ಬಹಳ ಕಾಲ ಉಳಿಯುವುದು ಮಾಮೂಲಿ ಸೀಸದಕಡ್ಡಿಯ ಬರಹ. ಇದನ್ನು ತೋಟ ಮಾಡುವ ಹಿರಿಯರೆಲ್ಲ ಹೇಳುತ್ತಾರೆ, ನಾನೂ ಹತ್ತು ಜನಕ್ಕೆ ಹೇಳಿದ್ದೇನೆ. ಬರೆಯುವಾಗ ಮಾತ್ರ ಕೈ ಪೆನ್ನಿಗೇ ಹೋಗುತ್ತದೆ.

ಅಜ್ಜಿಗೆ ಇದರಿಂದ ತಮ್ಮ ಅಜ್ಜಿ ಹೇಳುತ್ತಿದ್ದ ಕತೆ ನೆನಪಾಯಿತು. ಒಬ್ಬ ಹುಡುಗ ಲೆಪ್ರಿಕಾನ್ ಎಂಬ ಐರಿಷ್ ಮಾಯಾವಿಯೊಬ್ಬನನ್ನು ಹಿಡಿಯುತ್ತಾನೆ. ಚಪ್ಪಲಿ ಹೊಲಿಯುವ ಆ ಕುಳ್ಳ ಮುದುಕನ ಬಳಿ ಚಿನ್ನ ಇದ್ದೇ ಇರುತ್ತದೆ. ಗದರಿಸಿದ್ದಕ್ಕೆ ಅವನು ದೊಡ್ಡ ಹೊಲವೊಂದರ ನಡುವೆ ಹಳದಿ ಹೂವಿನ ಒಂದು ಕಳೆಗಿಡವನ್ನು ತೋರಿಸಿ, ಇದರ ಬುಡದಲ್ಲಿ ಅಗೆ ಎನ್ನುತ್ತಾನೆ. ಹುಡುಗನ ಕೈಯಲ್ಲಿ ಗುದ್ದಲಿ ಇಲ್ಲ. ಕಾಲುಚೀಲದ ಕೆಂಪು ಪಟ್ಟಿ ಬಿಚ್ಚಿ ಗಿಡಕ್ಕೆ ಕಟ್ಟಿ, ಇದನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿಕೊಂಡು ಮನೆಗೆ ಓಡುತ್ತಾನೆ. ಬಂದು ನೋಡಿದರೆ ಆಣೆ ಮುರಿದಿಲ್ಲ, ಪಟ್ಟಿ ಕಟ್ಟಿದಲ್ಲೇ ಇದೆ. ಹೊಲದ ಉಳಿದ ಗಿಡಗಳಿಗೂ, ಒಂದೂ ಬಿಡದೆ, ಅಂಥದ್ದೇ ಕೆಂಪು ಪಟ್ಟಿ ಕಟ್ಟಿದೆ.

"ನಿಮ್ಮ ಲೆಪ್ರಿಕಾನ್ ಸೋಮಾರಿ" ಎಂದರು ಅಜ್ಜಿ. "ಇದ್ದದ್ದನ್ನು ಅಳಿಸಿ ಕೈತೊಳೆದುಕೊಂಡಿದ್ದಾನೆ."

ನೆನಪಿನಿಂದಲೇ ಹೇಳಿದೆ. ಒಂದು ಐರಿಷ್ ಲಕ್, ಒಂದು ಎಮರಾಲ್ಡ್ ಟಿಯಾರಾ, ಒಂದು ಗೋಲ್ಡ್ ಸ್ಟ್ಯಾಂಡರ್ಡ್, ಒಂದು ಫೈರ್ ಐಲೆಂಡ್, ಇನ್ನೊಂದು ಗೆಳೆಯನೊಬ್ಬ ಬುಡ ಒಡೆದು ಕೊಟ್ಟದ್ದು, ಅದರ ಹೆಸರು ಅವನಿಗೂ ಗೊತ್ತಿಲ್ಲ. ಅಜ್ಜಿ ಬೆರಳು ಮಡಿಚಿದರು. ಐರಿಷ್ ಲಕ್ ಸರಿ. ಎಮರಾಲ್ಡ್ ಹೇಗೆ? ಪಚ್ಚೆಯ ದ್ವೀಪ ಎಂದು ಐರ್ಲೆಂಡನ್ನು ಕರೆಯುತ್ತಾರಲ್ಲ ಎಂದೆ. ಗೋಲ್ಡ್ ಸ್ಟ್ಯಾಂಡರ್ಡ್? ಅದರ ಎಲೆ ಹಸಿರಾಗಿ ಹುಟ್ಟಿ, ಬರಬರುತ್ತ ಅಂಚು ಮಾತ್ರ ಹಸಿರು ಉಳಿದು ನಡುವೆಲ್ಲ ಹೊನ್ನಾಗುತ್ತದೆ, ಲೆಪ್ರಿಕಾನ್ ಬಚ್ಚಿಟ್ಟ ಚಿನ್ನ ಎಂದುಕೊಳ್ಳಿ ಎಂದೆ. ಫೈರ್ ಐಲೆಂಡ್? ಇಲ್ಲಿ ನನ್ನ ದನಿ ಸ್ವಲ್ಪ ಇಳಿಯಿತು. ನರ್ಸರಿಗೆ ಫೋನ್ ಮಾಡಿದಾಗ ನನ್ನ ಕಿವಿಗೆ ಅದು ಐರ್ಲೆಂಡ್ ಎಂದೇ ಬಿದ್ದಿತ್ತು. ನ್ಯೂಯಾರ್ಕಿನ ಹತ್ತಿರದ ಒಂದು ಮರಳುದ್ವೀಪಕ್ಕೂ ಆ ಹೆಸರಿದೆ ಎಂದು ಆಮೇಲೆ ತಿಳಿಯಿತು. ತಂದದ್ದನ್ನು ಎಲ್ಲಿ ಬಿಸಾಡಲಿ? ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ಅಜ್ಜಿಗೆ ಗೊತ್ತಿದ್ದರೆ ಅಲ್ಲೇ ಎಸೆಯುತ್ತಿದ್ದರು. ಗೊತ್ತಿಲ್ಲದ್ದರಿಂದ ಬರಿದೇ ನಕ್ಕರು.

ನಗುವುದೇನೋ ಸರಿ. ಆದರೆ ಇದರಲ್ಲಿ ಅಪ್ಪಟ ಐರಿಷ್ ಯಾವುದು ಎಂದು ಕೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಹೋಸ್ಟಾದ ಪೂರ್ವಿಕರೆಲ್ಲ ಜಪಾನ್, ಕೊರಿಯಾ, ಚೀನಾ ಕಡೆಯವರು, ಅದು ನನಗೂ ಗೊತ್ತು. ಕುಲದ ಹೆಸರು ಆಸ್ಟ್ರಿಯಾದ ಹೋಸ್ಟ್ ಎಂಬ ಸಸ್ಯವಿಜ್ಞಾನಿಯದು. 1812ರಲ್ಲಿ ಆ ಹೆಸರು ಇಟ್ಟರು, ಐದೇ ವರ್ಷಕ್ಕೆ ಮತ್ತೊಬ್ಬರು ಬಂದು ಫುಂಕಿಯಾ ಎಂದರು, 1905ರಲ್ಲಿ ವಿಯೆನ್ನಾದಲ್ಲಿ ಸಭೆ ಸೇರಿ ಮತ್ತೆ ಹೋಸ್ಟಾ ಎಂದೇ ತೀರ್ಮಾನಿಸಿದರು. ಜರ್ಮನರು ಮಾತ್ರ ಇಂದಿಗೂ ಫುಂಕಿಯೆ ಎನ್ನುತ್ತಾರೆ. ಇನ್ನು ಸಂತ ಪ್ಯಾಟ್ರಿಕ್ಕರೇ ಐರ್ಲೆಂಡಿನಲ್ಲಿ ಹುಟ್ಟಿದವರಲ್ಲ, ಬ್ರಿಟನ್ನಿನಿಂದ ಗುಲಾಮನಾಗಿ ಹಿಡಿದು ತಂದ ಹುಡುಗ. ಐರ್ಲೆಂಡಿನ ಗುರುತಾದ ಮೂರೆಲೆಯ ಶ್ಯಾಮ್ರಾಕ್ ಆದರೂ ಗಟ್ಟಿಯೇ? ನಿಜವಾದ ಶ್ಯಾಮ್ರಾಕ್ ಕಿತ್ತು ಕಳಿಸಿ ಎಂದು 1893ರಲ್ಲಿ ಒಬ್ಬರು ಐರ್ಲೆಂಡಿನ ಮೂಲೆಮೂಲೆಯವರನ್ನು ಕೇಳಿ, ಬಂದ ಗಿಡಗಳನ್ನು ನೆಟ್ಟು, ಹೂ ಬಿಡುವವರೆಗೆ ಕಾದು ನೋಡಿದರು. ಒಬ್ಬರು ಹಳದಿ ಹೂವಿನ ಪುಟ್ಟ ಕ್ಲೋವರ್ ಕಳಿಸಿದ್ದರೆ ಇನ್ನೊಬ್ಬರು ಬಿಳಿ ಕ್ಲೋವರ್ ಕಳಿಸಿದ್ದರು, ಮತ್ತೆ ಕೆಲವರು ಬೇರೆಯೇ ಜಾತಿಯದನ್ನು. 1988ರಲ್ಲಿ ಮತ್ತೆ ಕೇಳಿದಾಗಲೂ ಹೆಚ್ಚುಕಡಿಮೆ ಅದೇ ಗೊಂದಲ. ಅವರ ರಾಷ್ಟ್ರೀಯ ಗುರುತಿನ ಗಿಡದ ಗತಿಯೇ ಹೀಗಿರುವಾಗ ನನ್ನ ಫೈರ್ ಐಲೆಂಡ್ ಮಾಡಿದ ಪಾಪವೇನು?

ಅಷ್ಟರಲ್ಲಿ ಒಂದು ಪಟ್ಟಿಯನ್ನು ಮೇಲೆತ್ತಿದಾಗ ಅದರ ಹಿಂಬದಿಗೆ ಸಿಂಬಳದ ಹುಳುವೊಂದು ಅಂಟಿಕೊಂಡಿತ್ತು. ಗಿಡ ಇನ್ನೂ ಎದ್ದಿಲ್ಲ, ಉಣ್ಣುವವರು ಆಗಲೇ ಬಂದು ಪಂಕ್ತಿಯಲ್ಲಿ ಕೂತಿದ್ದಾರೆ! ಹೋಸ್ಟಾ ಬೆಳೆಸುವವರ ಮುಂದೆ ಈ ಪ್ರಾಣಿಯ ಹೆಸರು ಎತ್ತಬಾರದು. ಎಲೆ ಇನ್ನೂ ಸುರುಳಿಯಾಗಿರುವಾಗಲೇ ಅದು ಒಂದೇ ಒಂದು ಕಡೆ ಕಚ್ಚಿ ಹೋಗಿರುತ್ತದೆ. ಎಲೆ ಬಿಚ್ಚಿಕೊಂಡಾಗ, ಮಕ್ಕಳು ಕಾಗದ ಮಡಿಚಿ ಕತ್ತರಿ ಹಾಕಿದ ಹಾಗೆ, ಆ ಕಡೆಯಿಂದ ಈ ಕಡೆಗೆ ಸಾಲಾಗಿ ತೂತು. ಮೊಟ್ಟೆಯ ಚಿಪ್ಪು ಪುಡಿ ಮಾಡಿ ಸುತ್ತಲೂ ಹಾಕಿದೆ, ಅದರ ಮೇಲೇ ನಡೆದು ಬಂದವು. ತಟ್ಟೆಯಲ್ಲಿ ಬಿಯರ್ ಇಟ್ಟರೆ ಬಿದ್ದು ಸಾಯುತ್ತವೆ ಎಂದರು, ಮೂಲೆಯ ಗೌರವಕ್ಕೆ ತಕ್ಕಂತೆ ಐರ್ಲೆಂಡಿನ ಕಪ್ಪು ಬಿಯರನ್ನೇ ತಂದಿಟ್ಟೆ. ಕೆಲವು ಬಿದ್ದವು, ಉಳಿದವು ಕುಡಿದು ಊಟಕ್ಕೆ ಹೋದವು. ಹಾವುಗಳನ್ನೆಲ್ಲ ಸಮುದ್ರಕ್ಕೆ ಓಡಿಸಿದರೆಂದು ಸಂತ ಪ್ಯಾಟ್ರಿಕ್ಕರನ್ನು ಹೊಗಳುತ್ತಾರೆ. ಹಾವು ಹೋಸ್ಟಾ ತಿನ್ನುವುದಿಲ್ಲ. ಓಡಿಸಬೇಕಾದದ್ದನ್ನು ಬಿಟ್ಟು ಬಂದರು ಮಹಾನುಭಾವರು.

ನಾನು ಹುಳುವನ್ನು ಬೇಲಿಯಾಚೆ ಎಸೆಯಲು ಕೈ ಎತ್ತಿದೆ. ಬೇಲಿಯಾಚೆ ಅಜ್ಜಿಯದೇ ತೋಟ ಎಂದು ನೆನಪಾಗಿ ಕೈ ಇಳಿಸಿದೆ. "ನಮ್ಮ ತಾಯಿಯ ಊರಿನ ಕಡೆಯದಾಗಿದ್ದರೆ ನಿಮ್ಮ ಮೇಲೆ ಕೇಸು ಬೀಳುತ್ತಿತ್ತು" ಎಂದರು ಅವರು. ನಾನು ಚೇಷ್ಟೆ ಎಂದುಕೊಂಡೆ. ರಾತ್ರಿ ಹುಡುಕಿ ಓದಿದರೆ ನಿಜ.

ಕೆರಿ ಹುಳು ಎಂದೇ ಅದರ ಹೆಸರು. 1842ರಲ್ಲಿ ಕೆರಿಯ ಕ್ಯಾರಾ ಎಂಬ ಸರೋವರದ ದಡದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು. ಏಳೆಂಟು ಸೆಂಟಿಮೀಟರ್ ಉದ್ದ. ಬಯಲಿನಲ್ಲಿ ಇರುವುದು ಕಪ್ಪು ಮೈಗೆ ಬಿಳಿ ಚುಕ್ಕೆ ಇಟ್ಟುಕೊಂಡರೆ, ಕಾಡಿನಲ್ಲಿ ಇರುವುದು ಕಂದು ಮೈಗೆ ಹಳದಿ ಚುಕ್ಕೆ ಇಟ್ಟುಕೊಳ್ಳುತ್ತದೆ. ಯಾರಾದರೂ ಮುಟ್ಟಿದರೆ ಉಳಿದ ಸಿಂಬಳದ ಹುಳುಗಳಂತೆ ಮುದುಡಿ ಸುಮ್ಮನಾಗುವುದಿಲ್ಲ, ತಲೆ ಬಾಲ ಕೂಡಿಸಿಕೊಂಡು ಉಂಡೆಯಾಗಿಬಿಡುತ್ತದೆ. ಐರ್ಲೆಂಡಿನ ವನ್ಯಜೀವಿ ಕಾನೂನಿನ ರಕ್ಷಣೆ ಅದಕ್ಕಿದೆ, ಅದರ ಮೇಲೆ ಯುರೋಪಿಯನ್ ಒಕ್ಕೂಟದ 1992ರ ನಿರ್ದೇಶನದ ರಕ್ಷಣೆಯೂ ಇದೆ. ಹಿಡಿಯಬೇಕಾದರೆ ಪರವಾನಗಿ ಬೇಕು. ಸಿಂಬಳದ ಹುಳು ಹಿಡಿಯಲು ಪರವಾನಗಿ! ಟಾರ್ಚು ಹಿಡಿದು ರಾತ್ರಿ ಹನ್ನೊಂದಕ್ಕೆ, ಮಂಡಿ ಕೆಸರು ಮಾಡಿಕೊಂಡು, ಒಂದು ಡಬ್ಬಿಗೆ ನಲವತ್ತು ಹುಳು ಆಯ್ದ ನನ್ನಂಥವನು ಅಲ್ಲಿ ಹುಟ್ಟಿ, ಆ ಜಾತಿಗೆ ಕೈ ಹಾಕಿದ್ದರೆ ಕಟಕಟೆಯಲ್ಲಿ ನಿಂತಿರುತ್ತಿದ್ದೆ.

ಓದುತ್ತ ಹೋದಂತೆ ನನಗೆ ಆ ಹುಳುವಿನ ಮೇಲೆ ಗೌರವ ಬಂತು ಎಂದರೆ ನೀವು ನಂಬಲಿಕ್ಕಿಲ್ಲ. ಅದು ತಿನ್ನುವುದು ಕಲ್ಲಿನ ಮೇಲಿನ ಕಲ್ಲುಹೂವು, ಪಾಚಿ, ಅಣಬೆಯಂಥವನ್ನು. ಬೇರೆಯವರ ತೋಟದ ಎಲೆಗಳಿಗೆ ಆಸೆಪಡುವ ಜಾತಿಯಲ್ಲ. ಮೋಡ ಮುಸುಕಿದ ತೇವದ ದಿನ ಬಂಡೆಯ ಮೇಲೆ ಹೊರಬಂದು, ತನ್ನ ಪಾಲಿನ ಕಲ್ಲುಹೂವನ್ನು ಉಜ್ಜಿ ತಿಂದು, ಮತ್ತೆ ಬಿರುಕಿನೊಳಗೆ ಹೋಗಿ ಮಲಗುವ ಬಾಳು. ನನಗಂತೂ ತಕ್ಷಣ ಅನಿಸಿದ್ದು ಇದು: ನನ್ನ ಮೂಲೆಗೆ ಬೇಕಾದ ಅಪ್ಪಟ ಐರಿಷ್ ಎಂದರೆ ಇದೇ. ಗಿಡಗಳ ವಂಶ ಎಲ್ಲಿಯದಾದರೂ ಇರಲಿ, ಒಂದು ಪಾಚಿಗಟ್ಟಿದ ಬಂಡೆ ತಂದಿಟ್ಟು ಅದರ ಮೇಲೆ ಕೆರಿಯ ಒಂದು ಹುಳು ಬಿಟ್ಟರೆ ಯಾವ ಅಜ್ಜಿಯೂ ತಕರಾರು ಎತ್ತುವಂತಿಲ್ಲ. ಕಾನೂನು ಬಿಡುವುದಿಲ್ಲ, ಅದು ಬೇರೆ ಮಾತು. ಕನಸಿಗೆ ಪರವಾನಗಿ ಬೇಡ. ಬಂಡೆಯನ್ನು ಎಲ್ಲಿಡಬೇಕು, ಮಧ್ಯಾಹ್ನದ ನೆರಳು ಯಾವ ಕಡೆ ಬೀಳುತ್ತದೆ ಎಂಬುದೆಲ್ಲ ಮನಸ್ಸಿನಲ್ಲೇ ನಿಶ್ಚಯವಾಯಿತು. ನಿದ್ದೆ ಬರದೆ ಇನ್ನೊಂದು ಪುಟ ಓದಿದೆ. ಓದಬಾರದಿತ್ತು. ಈ ಕೆರಿ ಹುಳು ಸ್ಪೇನಿನ ವಾಯವ್ಯ ಭಾಗದಲ್ಲೂ ಪೋರ್ಚುಗಲ್ಲಿನ ಉತ್ತರದಲ್ಲೂ ಇದೆಯಂತೆ. ಹಿಂದೆ ಯಾವುದೋ ಕಾಲದಲ್ಲಿ ಮನುಷ್ಯರ ಜೊತೆಯಲ್ಲೇ ಅಲ್ಲಿಂದ ಐರ್ಲೆಂಡಿಗೆ ಬಂದಿರಬಹುದು ಎಂಬ ಊಹೆಯೂ ಇದೆ. ದೀಪ ಆರಿಸಿ ಮಲಗಿದೆ.

ಮೇ ತಿಂಗಳಿಗೆ ಮೂಲೆ ಎದ್ದಿತು. ಫೈರ್ ಐಲೆಂಡ್ ತಾನೇ ಮೊದಲೆಂದು ಕೆಂಪು ತೊಟ್ಟು, ಕಣ್ಣು ಕುಕ್ಕುವ ಹಳದಿ ಎಲೆ ಹೊತ್ತು ಬಂತು, ಮೂಲೆಯಲ್ಲಿ ಅತ್ಯಂತ ಹುರುಪಿನದೂ ಅದೇ, ಏನು ಮಾಡಲಿ. ಗೋಲ್ಡ್ ಸ್ಟ್ಯಾಂಡರ್ಡನ್ನು ಗುರುತಿಸಿದೆ, ಎಮರಾಲ್ಡ್ ಟಿಯಾರಾವನ್ನೂ ಗುರುತಿಸಿದೆ. ಉಳಿದದ್ದು ಎರಡು. ಒಂದು ಐರಿಷ್ ಲಕ್, ಒಂದು ಗೆಳೆಯನ ಅನಾಮಧೇಯ. ಎರಡೂ ಹಸಿರು. ಎಲೆ ಕಿತ್ತು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನರಗಳನ್ನು ಎಣಿಸಿದೆ, ಬೆನ್ನು ಸವರಿದೆ, ಕಿಟಕಿಯ ಬೆಳಕಿಗೆ ಹಿಡಿದೆ. ಹೋಸ್ಟಾ ತನ್ನ ನಿಜರೂಪಕ್ಕೆ ಬರಲು ಕೆಲವು ವರ್ಷ ಬೇಕು, ಎಳೆಯ ಬುಡದ ಎಲೆ ನೋಡಿ ಜಾತಿ ಹೇಳಬಾರದು ಎಂದು ತಿಳಿದವರು ಹೇಳುತ್ತಾರೆ. ಅಷ್ಟು ವರ್ಷ ಬೇಲಿಯ ಆಚೆಯಿಂದ ಬರುವ ಪ್ರಶ್ನೆಗೆ ಯಾರು ಉತ್ತರ ಕೊಡುತ್ತಾರೆ? ಸೀಸದಕಡ್ಡಿ ಚೂಪು ಮಾಡಿಕೊಂಡೆ. ಹೊಸ ಪಟ್ಟಿಗಳ ಮೇಲೆ ಒತ್ತಿ ಒತ್ತಿ ಬರೆದು ಎರಡರ ಬುಡಕ್ಕೂ ಆಳವಾಗಿ ಚುಚ್ಚಿದೆ.

ಭಾನುವಾರ ಅಜ್ಜಿ ಬಂದರು. ಕನ್ನಡಕ ಏರಿಸಿ ಮೊದಲನೆಯ ಪಟ್ಟಿ ಓದಿದರು: ಐರಿಷ್ ಲಕ್. ಎರಡನೆಯದಕ್ಕೆ ಬಗ್ಗಿ ಓದಿದರು: ಐರಿಷ್ ಲಕ್. ಎದ್ದು ನಿಂತು ನನ್ನ ಮುಖ ನೋಡಿದರು.

"ಉಳಿದ ಮೂರಕ್ಕೂ ಅದನ್ನೇ ಬರೆದುಬಿಡಿ" ಎಂದರು.