‘ಎಣ್ಣಿ ಕುಡ್ದಾನ್ರೀ’ ಎಂದರೇನೆಂದು ಬೊಂಬೆಯ ಮುಂದೆಯೇ ಕಲಿಯಬೇಕು

ಕಳೆದ ವಾರ ರಾಯಚೂರಿನಲ್ಲಿ ಎಂಬಿಬಿಎಸ್ ಕೊನೆಯ ವರ್ಷದ ಕೆಲವು ವಿದ್ಯಾರ್ಥಿಗಳಿಗೆ ತುರ್ತು ಚಿಕಿತ್ಸೆಯ ಅಣಕು ಅಭ್ಯಾಸವೊಂದನ್ನು ಮಾಡಿಸಿದೆ. ಮಂಚದ ಮೇಲೆ ಬೊಂಬೆಯನ್ನು ಮಲಗಿಸಿ, ರೋಗಿಯ ಅಣ್ಣನ ಪಾತ್ರಕ್ಕೆ ಸಿಂಧನೂರು ಕಡೆಯ ವಾರ್ಡ್ ಸಹಾಯಕರೊಬ್ಬರನ್ನು ಒಪ್ಪಿಸಿದ್ದೆ. ಅವರು ಬಾಗಿಲಿನಿಂದ ಓಡಿಬಂದವರೇ, “ಎಣ್ಣಿ ಕುಡ್ದಾನ್ರೀ ಮೇಡಂ, ಲಗೂನ ನೋಡ್ರಿ” ಎಂದು ಕೂಗಿಕೊಂಡರು. ತಂಡದ ಮುಂದಾಳಾಗಿದ್ದ ಮೈಸೂರು ಕಡೆಯ ಹುಡುಗಿ ಗಲಿಬಿಲಿಗೊಳ್ಳದೆ, “ದಿನಾ ಕುಡಿಯುತ್ತಾರಾ? ಊಟ ಮಾಡಿದ್ದರಾ?” ಎಂದು ವಿಚಾರಿಸಿ, ರಕ್ತದ ಸಕ್ಕರೆ ನೋಡಲು ಹೇಳಿ, ಗ್ಲುಕೋಸ್ ಬಾಟಲಿ ಕೈಗೆತ್ತಿಕೊಂಡಳು. ನಾಲ್ಕು ನಿಮಿಷಗಳು ಹೀಗೆಯೇ ಕಳೆದವು. ಅವಳು ಹುಟ್ಟಿ ಬೆಳೆದ ಕಡೆ ಎಣ್ಣೆ ಎಂದರೆ ಮದ್ಯ. ನಮ್ಮ ಸೀಮೆಯಲ್ಲಿ ಎಣ್ಣೆ ಎಂದರೆ ಹತ್ತಿಗೂ ಭತ್ತಕ್ಕೂ ಹೊಡೆಯುವ ಕೀಟನಾಶಕ.

ಬೊಂಬೆಗೆ ಏನೂ ಆಗಲಿಲ್ಲ. ಈ ಬರಹಕ್ಕೆ ಕಾರಣವಾದದ್ದು ಆ ಸಂಗತಿಯೇ.

ನಾನು ಇಂಟರ್ನ್ ಆಗಿದ್ದ ಕಾಲದಲ್ಲಿ ಇಂತಹ ಅಭ್ಯಾಸಗಳಿರಲಿಲ್ಲ. ಇಂತಹ ಕೀಟನಾಶಕಗಳಲ್ಲಿರುವ ಆರ್ಗನೋಫಾಸ್ಫೇಟ್ ವಿಷಕ್ಕೆ ಅಟ್ರೋಪಿನ್ ಎಂಬ ಮದ್ದನ್ನು ಕೊಡಬೇಕು, ಐದೈದು ನಿಮಿಷಕ್ಕೊಮ್ಮೆ ಪ್ರಮಾಣವನ್ನು ದುಪ್ಪಟ್ಟು ಮಾಡುತ್ತಾ ಹೋಗಬೇಕು, ಎದೆಯೊಳಗಿನ ಗೊರಗೊರ ಶಬ್ದ ನಿಂತು ನಾಡಿ ಎಂಬತ್ತನ್ನು ದಾಟುವವರೆಗೆ ಬಿಡಬಾರದು ಎಂಬುದನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನೇ ಪಡೆದಿದ್ದೆ. ಆದರೆ ಮೊದಲ ರಾತ್ರಿ ಪಾಳಿಯಲ್ಲಿ, ಬಾಯಿಂದ ನೊರೆ ಸುರಿಯುತ್ತಿದ್ದ ರೈತನೊಬ್ಬನನ್ನು ಟಂಟಂನಲ್ಲಿ ಹೊತ್ತು ತಂದಾಗ, ಪುಸ್ತಕ ಹೇಳದೇ ಬಿಟ್ಟ ಲೆಕ್ಕವೊಂದು ಎದುರಾಯಿತು. ಒಂದು ಆಂಪೂಲಿನಲ್ಲಿ, ಅಂದರೆ ಕತ್ತು ಮುರಿದು ತೆರೆಯುವ ಪುಟ್ಟ ಗಾಜಿನ ಸೀಸೆಯಲ್ಲಿ, ಇರುವುದು 0.6 ಮಿಲಿಗ್ರಾಂ. ಮೂರು ಮಿಲಿಗ್ರಾಂನಿಂದ ಆರಂಭಿಸಿದರೆ ಮೊದಲ ಸಲಕ್ಕೆ ಐದು ಆಂಪೂಲು, ಐದು ನಿಮಿಷದ ನಂತರ ಹತ್ತು, ಮತ್ತೈದು ನಿಮಿಷಕ್ಕೆ ಇಪ್ಪತ್ತು. ಹತ್ತು ನಿಮಿಷಗಳೊಳಗೆ 35 ಗಾಜಿನ ಕತ್ತುಗಳನ್ನು ಮುರಿಯುವವರು ಯಾರು, ಸಿರಿಂಜಿಗೆ ಎಳೆಯುವವರು ಯಾರು, ವೇಳೆ ಬರೆದುಕೊಳ್ಳುವವರು ಯಾರು? ಮೂರನೆಯ ಆಂಪೂಲಿಗೇ ನನ್ನ ಬೆರಳು ಕೊಯ್ದು ರಕ್ತ ಬಂತು. ಪಾಳಿಯಲ್ಲಿದ್ದ ಹಿರಿಯ ಸಿಸ್ಟರ್ ಗಾಜ್ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು, “ಡಾಕ್ಟ್ರೇ, ನೀವು ಎದಿ ಕೇಳ್ರಿ, ಇವನ್ನ ನಾ ಮುರೀತೀನಿ” ಎಂದರು. ಆ ರೈತ ಬದುಕಿ ಮನೆಗೆ ಹೋದ. ಅಂದು ನಾನು ಕಲಿತದ್ದು ಅವನ ಮೈಮೇಲೆ; ಬೊಂಬೆಯಿಲ್ಲದ ಕಾಲೇಜಿಗೆ ಅವನೇ ಬೊಂಬೆಯಾಗಿದ್ದ.

ಈಗ ಕಾಲೇಜುಗಳಿಗೆ ಕೊರತೆಯಿಲ್ಲ. ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 1961ರಲ್ಲಿಯೇ ಆರಂಭವಾಗಿತ್ತು. ರಾಯಚೂರು, ಕೊಪ್ಪಳಗಳಿಗೂ ಆಮೇಲೆ ಸರ್ಕಾರಿ ಸಂಸ್ಥೆಗಳು ಬಂದವು. 2019ರಲ್ಲಿ ಸೇರಿದ ತಂಡದಿಂದ ಸಾಮರ್ಥ್ಯಾಧಾರಿತ ಪಠ್ಯಕ್ರಮ ಜಾರಿಯಾಗಿ, ಬೊಂಬೆಗಳ ಮೇಲೆ ಕೈಕೆಲಸ ಕಲಿಸುವ ಸ್ಕಿಲ್ ಲ್ಯಾಬ್ ಇರಲೇಬೇಕೆಂಬ ನಿಯಮವೂ ಬಂದಿದೆ. ಆದರೆ ನಿಯಮ ಬೊಂಬೆಯನ್ನು ಕೊಳ್ಳಿಸಬಲ್ಲದೇ ಹೊರತು ಅದರ ಎದೆಯನ್ನು ಒತ್ತಿಸಲಾರದು. ಹೆಸರು ಬೇಡ, ಒಂದು ಕಡೆ ನಾನು ಕಂಡ ಬೊಂಬೆಗಳು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಗಾಜಿನ ಕಪಾಟಿನಲ್ಲಿ ಕುಳಿತಿದ್ದವು; ಪರಿವೀಕ್ಷಣೆಯ ದಿನ ಮಾತ್ರ ಉತ್ಸವಮೂರ್ತಿಗಳಂತೆ ಹೊರಬಂದು ಸಂಜೆಗೆ ಮತ್ತೆ ಒಳಗೆ ಸೇರುತ್ತಿದ್ದವು. ಹಾಳಾದರೆ ಯಾರ ಸಂಬಳದಲ್ಲಿ ಕಡಿತವಾಗುತ್ತದೋ ಎಂಬ ಭಯವೇ ಇದಕ್ಕೆ ಕಾರಣವೆಂದು ನನ್ನ ಅನುಮಾನ.

ಇಂತಹ ಬೊಂಬೆಗಳ ಹುಟ್ಟು ಅಷ್ಟೇನೂ ದೊಡ್ಡಸ್ತಿಕೆಯದಲ್ಲ. 1960ರಲ್ಲಿ ಬಂದ ‘ರಿಸಸಿ ಆ್ಯನ್’ ಎಂಬ ಬೊಂಬೆಯನ್ನು ತಯಾರಿಸಿದ ನಾರ್ವೆಯ ಓಸ್ಮುಂಡ್ ಲಾರ್ಡಲ್ ಆಟಿಕೆಗಳನ್ನು ಮಾಡುತ್ತಿದ್ದವರು. ಬಣ್ಣದ ಮರದ ಬೊಂಬೆಗಳಿಗೆ ಹೆಸರಾದ ಕಿನ್ನಾಳ ಕೊಪ್ಪಳದ ಪಕ್ಕದಲ್ಲೇ ಇರುವಾಗ, ಪ್ರತಿಯೊಂದು ಮಾದರಿಗೂ ವಿದೇಶಿ ಕಂಪನಿಯ ಕ್ಯಾಟಲಾಗ್ ತೆರೆಯುವ ನಮ್ಮ ಅಭ್ಯಾಸ ನನಗೆ ವಿಚಿತ್ರವೆನಿಸುತ್ತದೆ. ಹೃದಯ ನಿಂತವರ ಎದೆಯನ್ನು ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುವುದನ್ನು ಕಲಿಸಲು ಕಣ್ಣು ಮಿಟುಕಿಸುವ ಯಂತ್ರವೇನೂ ಬೇಕಿಲ್ಲ. ಒಮ್ಮೆ ಕಲಿತದ್ದು ಕೆಲವೇ ತಿಂಗಳುಗಳಲ್ಲಿ ಮಸುಕಾಗುವುದರಿಂದ ಬೇಕಾದದ್ದು ಮತ್ತೆ ಮತ್ತೆ ಒತ್ತುವ ಅವಕಾಶ.

ನನ್ನ ತಕರಾರು ಇರುವುದು ಅಭ್ಯಾಸಕ್ಕೆ ಆರಿಸಿಕೊಳ್ಳುವ ಸನ್ನಿವೇಶಗಳ ಬಗ್ಗೆ. ಸಿದ್ಧ ಸನ್ನಿವೇಶಗಳಲ್ಲಿ ರೋಗಿ ಒಬ್ಬನೇ ಬರುತ್ತಾನೆ, ತನ್ನ ಕಾಯಿಲೆಗಳ ಪಟ್ಟಿಯನ್ನು ಒಪ್ಪಿಸುತ್ತಾನೆ, ಎದೆನೋವು ಎಡತೋಳಿಗೆ ಹಬ್ಬಿದೆ ಎನ್ನುತ್ತಾನೆ. ನಮ್ಮ ಅಪಘಾತ ವಿಭಾಗಕ್ಕೆ ರೋಗಿಯೊಡನೆ ಹದಿನೈದು ಜನ ಬರುತ್ತಾರೆ. ಒಬ್ಬರು ತೆಲುಗಿನಲ್ಲಿ, ಇನ್ನೊಬ್ಬರು ಉರ್ದುವಿನಲ್ಲಿ ಮಾತನಾಡುತ್ತಾರೆ, ದಾರಿಯಲ್ಲಿ ಉಪ್ಪುನೀರು ಕುಡಿಸಿದ್ದನ್ನು ಹೇಳದೆ ಮುಚ್ಚಿಡುತ್ತಾರೆ. ವಿಷದಲ್ಲಿ ತೊಯ್ದ ಅಂಗಿಯನ್ನು ಬಿಚ್ಚಿಸಿ ಮೈ ತೊಳೆಸುವ ಮೊದಲು ಆ ಗುಂಪನ್ನು ಹೊರಗೆ ಕಳುಹಿಸುವುದೂ ಚಿಕಿತ್ಸೆಯ ಭಾಗವೇ ಆಗಿದ್ದು, ಅದನ್ನು ಕಲಿಸುವ ಬೊಂಬೆ ಯಾವ ಕ್ಯಾಟಲಾಗಿನಲ್ಲಿಯೂ ಇಲ್ಲ.

ತುಂಗಭದ್ರಾ ಕಾಲುವೆ ಸೀಮೆಯ ಹಾವು ಕಡಿತವನ್ನೇ ತೆಗೆದುಕೊಳ್ಳಿ. ವಿಷ ಏರಿದ ಲಕ್ಷಣಗಳಿದ್ದರೆ ಹತ್ತು ವಯಲ್ ಪ್ರತಿವಿಷ ಎಂದು ಎಲ್ಲರೂ ಹೇಳಬಲ್ಲರು. ಆದರೆ ಒಣ ಪುಡಿಗೆ ನೀರು ಬೆರೆಸಿದ ಮೇಲೆ ಗಾಬರಿಯಿಂದ ಕುಲುಕಿದರೆ ನೊರೆಯೇಳುತ್ತದೆ, ಅಂಗೈಯಲ್ಲಿ ಮೆಲ್ಲಗೆ ಹೊರಳಿಸಬೇಕು ಎಂಬುದು ಕೈಗೆ ಗೊತ್ತಿರಬೇಕಾದ ವಿದ್ಯೆ. ರಕ್ತ ಹೆಪ್ಪುಗಟ್ಟುವುದನ್ನು ನೋಡಲು ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡಬೇಕಾದದ್ದು ಗಾಜಿನ ನಳಿಕೆಯನ್ನು. ಪ್ಲಾಸ್ಟಿಕ್ಕಿನದಾದರೆ ಅಥವಾ ಸಾಬೂನಿನ ಅಂಶ ಉಳಿದಿದ್ದರೆ ಫಲಿತಾಂಶವೇ ದಾರಿ ತಪ್ಪಿಸುತ್ತದೆ. ಪ್ರತಿವಿಷವೇ ಅಲರ್ಜಿ ತಂದೀತೆಂದು, ಅದಕ್ಕೆ ಮದ್ದಾದ ಅಡ್ರಿನಲಿನ್ ಅನ್ನು ಮೊದಲೇ ಸಿರಿಂಜಿನಲ್ಲಿ ತುಂಬಿಟ್ಟುಕೊಂಡ ತಂಡ, ಅಭ್ಯಾಸದಲ್ಲಿ ನಾನು ಕಂಡಂತೆ, ಆರರಲ್ಲಿ ಒಂದೇ ಒಂದು. ಹೆರಿಗೆಯ ರಕ್ತಸ್ರಾವಕ್ಕಂತೂ ಬೊಂಬೆಯೇ ಬೇಡ: ಅರ್ಧ ಲೀಟರ್ ಕೆಂಪು ನೀರನ್ನು ಹಳೆಯ ಸೀರೆಯ ಮೇಲೆ ಸುರಿದು ಎಷ್ಟಿರಬಹುದೆಂದು ಕೇಳಿ, ಹೆಚ್ಚಿನವರು ಕಡಿಮೆಯೇ ಹೇಳುತ್ತಾರೆ.

ಅಭ್ಯಾಸ ಹತ್ತು ನಿಮಿಷದ್ದಾದರೆ ಅನಂತರದ ಚರ್ಚೆ ಅರ್ಧ ಗಂಟೆಯದು, ಮತ್ತು ನಿಜವಾದ ಕಲಿಕೆ ನಡೆಯುವುದು ಅಲ್ಲಿ. ವಾರ್ಡಿನ ನಡುವೆ ನಿಲ್ಲಿಸಿ ಬೈದು ಕಲಿಸಿದ ಗುರುಗಳ ಶಿಷ್ಯರು ನಾವು. ಆ ಚಟ ನನ್ನನ್ನೂ ಬಿಟ್ಟಿಲ್ಲ. ಅಂದು ನಾಲಿಗೆ ಕಚ್ಚಿಕೊಂಡು, “ಎಣ್ಣಿ ಎಂದಾಗ ನಿನಗೆ ಏನು ಕೇಳಿಸಿತು?” ಎಂದಷ್ಟೇ ಆ ಹುಡುಗಿಯನ್ನು ಕೇಳಿದೆ. ಅವಳು ಹೇಳಿದಳು. ಆಗ ಸಿರುಗುಪ್ಪದ ಹುಡುಗನೊಬ್ಬ, ತನಗೆ ಅರ್ಥವಾಗಿತ್ತು, ಆದರೆ ಮುಂದಾಳು ಅವಳಾದ್ದರಿಂದ ನಡುವೆ ಬಾಯಿ ಹಾಕಲಿಲ್ಲ ಎಂದ. ಅವಳ ತಪ್ಪಿಗಿಂತ ಇವನ ಮೌನ ನನ್ನನ್ನು ಹೆಚ್ಚು ಕಂಗೆಡಿಸಿತು. ಗೊತ್ತಿದ್ದವನು ಗಟ್ಟಿಯಾಗಿ ಹೇಳುವುದನ್ನು, ಕೇಳಿದವರು ಅದನ್ನು ಮರುನುಡಿದು ಖಚಿತಪಡಿಸುವುದನ್ನು ಇದೇ ಕೋಣೆಯಲ್ಲಿ ರೂಢಿಸಬೇಕು. ಹಾಗೆಯೇ ನರ್ಸಿಂಗ್ ವಿದ್ಯಾರ್ಥಿಗಳನ್ನು ಹೊರಗಿಟ್ಟು ಭಾವೀ ವೈದ್ಯರು ಮಾತ್ರ ಅಭ್ಯಾಸ ಮಾಡುವುದನ್ನು ನಿಲ್ಲಿಸಬೇಕು.

ಹತ್ತಿಗೆ ಎಣ್ಣೆ ಹೊಡೆಯುವ ದಿನಗಳು ಬರುವ ಮುನ್ನ ಇನ್ನೊಂದು ಸುತ್ತು ನಡೆಸಲಿದ್ದೇನೆ. ಅವಧಿ ಮೀರಿದ ಆಂಪೂಲುಗಳನ್ನು ಔಷಧಾಲಯದವರು ಕೊಡಲೊಪ್ಪಿದ್ದಾರೆ. ಈ ಸಲ 35 ಅನ್ನೂ ಮುರಿಸುತ್ತೇನೆ. ರೋಗಿಯ ಅಕ್ಕನ ಪಾತ್ರ ತನಗೇ ಬೇಕೆಂದು ಮೈಸೂರಿನ ಹುಡುಗಿ ಕೇಳಿಕೊಂಡಿದ್ದಾಳೆ. ಮಾತು ಕಲಿಸುವ ಹೊಣೆಯನ್ನು ಸಿಂಧನೂರಿನ ವಾರ್ಡ್ ಸಹಾಯಕರು ಹೊತ್ತಿದ್ದಾರೆ.