ಭಾಷಾವಿಜ್ಞಾನ ಡಿಗ್ರಿಯಲ್ಲೇ ಸಿಗಬೇಕು

ಪಿಯುಸಿ ರಿಸಲ್ಟ್ ಬಂದ ಮೇಲೆ ಪ್ರತಿವರ್ಷ ಯಾರಾದರೂ ಕೇಳುತ್ತಾರೆ: "ಸಾರ್, ಮಗಳಿಗೆ ಭಾಷೆ ಅಂದ್ರೆ ಆಸೆ. ಬಿ.ಎ.ನಲ್ಲಿ ಏನು ತಗೊಳ್ಳಲಿ?" ಐಚ್ಛಿಕ ಕನ್ನಡ ಅನ್ನುತ್ತೇನೆ, ಅರೆಮನಸ್ಸಿನಿಂದ. ಅಲ್ಲಿ ಸಿಗುವುದು ಬಹುಪಾಲು ಸಾಹಿತ್ಯ. ಭಾಷಾವಿಜ್ಞಾನ, ಅಂದರೆ ಭಾಷೆ ಹೇಗೆ ಕೆಲಸ ಮಾಡುತ್ತದೆ, ಹೇಗೆ ಬದಲಾಗುತ್ತದೆ ಅಂತ ನೋಡುವ ವಿಷಯ, ಬೇಕಂದರೆ ಎಂ.ಎ.ವರೆಗೆ ಕಾಯಬೇಕು. ಕನ್ನಡ ಎಂ.ಎ.ಗೆ ಹೋದರೂ ಸಾಮಾನ್ಯವಾಗಿ ಅದು ಒಂದು ಪೇಪರ್ ಅಷ್ಟೆ. ಧ್ವನಿಮಾ, ಉಪಧ್ವನಿಮಾ, ಆಕೃತಿಮಾ ಅಂತ ನೋಟ್ಸ್ ಉರು ಹೊಡೆದು, ಪರೀಕ್ಷೆ ಬರೆದು, ಕೈತೊಳೆದುಕೊಳ್ಳುತ್ತಾರೆ.

ಈ ವಿಷಯ ಡಿಗ್ರಿ ಮೊದಲ ವರ್ಷದಲ್ಲೇ ಶುರುವಾಗಬೇಕು ಅನ್ನೋದು ನನ್ನ ವಾದ. ಎಂ.ಎ.ಗೆ ಬರುವ ಹೊತ್ತಿಗೆ ಹುಡುಗರು ತಮ್ಮ ಮನೆಮಾತು ತಪ್ಪು ಅಂತ ಒಪ್ಪಿಕೊಂಡು, ನಾಲಿಗೆ ತಿದ್ದಿಕೊಂಡು ಆಗಿರುತ್ತದೆ. ನಮಗೆ ಬೇಕಾಗಿದ್ದದ್ದೇ ಆ ಮಾತು!

ಮಂಡ್ಯ ಕಡೆಯ ಹುಡುಗ ಕ್ಲಾಸಲ್ಲಿ 'ಆಲು', 'ಅಳ್ಳಿ', 'ಉಲಿ' ಅಂದರೆ ಎಲ್ಲರೂ ಕಿಸಕ್ಕನೆ ನಗುತ್ತಾರೆ. ಮೇಷ್ಟ್ರುಗಳೂ ನಗುತ್ತಾರೆ. ಒಮ್ಮೆ ನಾನು ಬೋರ್ಡ್ ಮೇಲೆ ಬರೆದೆ: ಪುಲಿ, ಹುಲಿ, ಉಲಿ. ಹಳಗನ್ನಡದಲ್ಲಿ ಇದ್ದದ್ದು ಪುಲಿ. ತಮಿಳಿನಲ್ಲಿ ಇವತ್ತೂ ಪುಲಿ, ತುಳುವಿನಲ್ಲಿ ಪಿಲಿ. ಪಿಲಿವೇಷ ಈಗ ಎಲ್ಲರಿಗೂ ಗೊತ್ತಲ್ವಾ? ಸುಮಾರು 10ನೇ ಶತಮಾನದಿಂದ ಕನ್ನಡ ಶಾಸನಗಳಲ್ಲಿ ಪದದ ಮೊದಲಿನ 'ಪ' ಜಾಗದಲ್ಲಿ 'ಹ' ಕಾಣಿಸುತ್ತದೆ. ಪಾಲ್ ಹಾಲಾಯಿತು, ಪೂ ಹೂವಾಯಿತು. ಮಂಡ್ಯದವರು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. 'ಪ' ಹೋಗಿ 'ಹ' ಬಂದರೆ ಭಾಷೆಯ ಬೆಳವಣಿಗೆ, 'ಹ' ಬಿದ್ದುಹೋದರೆ ಮಾತ್ರ ಹಳ್ಳಿಗಮಾರನ ತಪ್ಪು. ಯಾವ ನ್ಯಾಯ ಇದು?

ಅಷ್ಟಕ್ಕೇ ಕ್ಲಾಸು ಬಿಸಿಯೇರಿತು. "ಹಾಗಾದ್ರೆ ಅಪ್ಪ ಯಾಕೆ ಅಹ್ಹ ಆಗ್ಲಿಲ್ಲ ಸಾರ್?" ಅಂತ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. ತಮಾಷೆಗೆ ಕೇಳಿದ್ದು, ಆದರೆ ಎಂಥ ಪ್ರಶ್ನೆ! ಒತ್ತಿನ 'ಪ' ಬದಲಾಗಲೇ ಇಲ್ಲ. ಅಪ್ಪ, ಉಪ್ಪು, ತುಪ್ಪ ಹಾಗೇ ಉಳಿದವು. ಧ್ವನಿ ಬದಲಾಗುವುದಕ್ಕೂ ಒಂದು ಲೆಕ್ಕ ಇದೆ ಅನ್ನೋದು ಆ ಒಂದು ಪ್ರಶ್ನೆಯಿಂದ ಇಡೀ ಕ್ಲಾಸಿಗೆ ಗೊತ್ತಾಯಿತು. ಮಾರನೇ ದಿನ ಮಂಡ್ಯದ ಹುಡುಗನೇ ಬಂದ. "ನಮ್ಮ ಮಾವ ಪೇಟೆಯೋರ ಮುಂದೆ ಮಾತ್ರ ಅಕ್ಕಿಗೆ ಹಕ್ಕಿ ಅಂತಾರೆ ಸಾರ್." 'ಹ' ಬಿಟ್ಟುಬಿಡುತ್ತೇವೇನೋ ಅನ್ನೋ ಹೆದರಿಕೆಗೆ ಇಲ್ಲದ ಕಡೆಯೂ ಅದನ್ನು ಸೇರಿಸುವುದು! ಭಾಷಾವಿಜ್ಞಾನದಲ್ಲಿ ಇದಕ್ಕೆ ದೊಡ್ಡ ಹೆಸರೇ ಇದೆ. ಹೆಸರು ಗೊತ್ತಿಲ್ಲದೆಯೂ ಹುಡುಗ ಅದನ್ನು ಮನೆಯಲ್ಲೇ ಹಿಡಿದಿದ್ದ.

ಮೈಸೂರನ್ನೇ ನೋಡಿ. 1969ರಿಂದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನ ಇಲ್ಲೇ ಇದೆ. ಅಂತಾರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡ್ 2016ರಲ್ಲಿ ಇಲ್ಲೇ ನಡೆಯಿತು. ಹೈಸ್ಕೂಲು, ಪಿಯುಸಿ ವಯಸ್ಸಿನ ಮಕ್ಕಳು ಗುರುತೇ ಇಲ್ಲದ ಭಾಷೆಗಳ ವ್ಯಾಕರಣ ಬಿಡಿಸುವ ಸ್ಪರ್ಧೆ ಅದು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಡಿಗ್ರಿ ಓದುವವರಿಗೂ ಭಾಷಾವಿಜ್ಞಾನದ ಪಾಠ ಇದೆ. ಮಾತು ಬಾರದ ಮಗುವಿಗೆ ಚಿಕಿತ್ಸೆ ಕೊಡಲು ಅದು ಬೇಕೇ ಬೇಕು. ಕನ್ನಡ ಓದುವ ಬಿ.ಎ. ಹುಡುಗರಿಗೆ ಮಾತ್ರ ಬಹುತೇಕ ಕಾಲೇಜುಗಳಲ್ಲಿ ಆ ಭಾಗ್ಯ ಇಲ್ಲ.

ಕೆಲಸ ಸಿಗುತ್ತಾ ಅಂತೀರಾ? ಸುಲಭ ಅಂತ ಸುಮ್ನೆ ಸುಳ್ಳು ಹೇಳಲ್ಲ. ನಿಘಂಟು, ಅನುವಾದ, ಕಂಪ್ಯೂಟರ್‌ಗೆ ಕನ್ನಡ ಕಲಿಸುವ ಕೆಲಸ ಇವೆ, ಜಾಸ್ತಿ ಇಲ್ಲ. ಹಾಗಂತ ಬಿ.ಎ.ನಲ್ಲಿ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಮಾಡಿದವರಿಗೇನು ಆರ್ಡರ್ ಕಾಪಿ ಮನೆಗೆ ಬರುತ್ತಿದೆಯಾ?

ಹೊಸ ಕೋರ್ಸು, ಹೊಸ ಹುದ್ದೆ ಅಂದರೆ ಫೈಲು ಕದಲುವುದಿಲ್ಲ, ಗೊತ್ತು. ಅಲ್ಲಿವರೆಗೆ ಇಂಟರ್ನಲ್ ಮಾರ್ಕ್ಸ್ ಇದೆಯಲ್ಲ, ಅದನ್ನೇ ಬಳಸಬಹುದು. ನೆಟ್‌ನಿಂದ ಇಳಿಸಿಕೊಂಡ ಅಸೈನ್‌ಮೆಂಟ್ ಬೇಡ. ಪ್ರತಿಯೊಬ್ಬರೂ ಮನೆಯ ಹಿರಿಯರೊಬ್ಬರ ಮಾತನ್ನು, ಅವರನ್ನು ಕೇಳಿಯೇ, ಹತ್ತು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಲಿ. ಕಿವಿಗೆ ಬಿದ್ದ ಹಾಗೆಯೇ ಬರೆದು ತರಲಿ, ಒಂದಕ್ಷರವೂ ತಿದ್ದದೆ. ಈ ಸೆಮಿಸ್ಟರ್ ನಾನು ಅದನ್ನೇ ಕೊಟ್ಟಿದ್ದೇನೆ. ಬೇರೆ ಜಿಲ್ಲೆಯ ಮೇಷ್ಟ್ರುಗಳು ಯಾರಾದರೂ ಕೈಜೋಡಿಸುವುದಾದರೆ ಇನ್‌ಬಾಕ್ಸ್‌ಗೆ ಬನ್ನಿ. ಬೀದರ್, ಕುಂದಾಪುರದ ಕಡೆಯವರಿದ್ದರೆ ಇನ್ನೂ ಖುಷಿ.